ಹದಿನೆಂಟರ ಮತಾಧಿಕಾರ

ಮತದಾನದ ವಯಸ್ಸನ್ನು 21ರಿಂದ 18ಕ್ಕಿಳಿಸಿದ ಸಂವಿಧಾನದ 61ನೆಯ ತಿದ್ದುಪಡಿಯು 1989ರಲ್ಲಿ ಜಾರಿಗೆ ಬಂದಾಗ, ರಾಷ್ಟ್ರವು ತರುಣರ ವಿವೇಕದಲ್ಲಿ ಇರಿಸಿದ ವಿಶ್ವಾಸವು ಅಲ್ಪವಾದುದಲ್ಲ. ಆದರೆ ವ್ಯಾಸಂಗಕ್ಕೋ ಉದ್ಯೋಗಕ್ಕೋ ಬೆಂಗಳೂರನ್ನು ಸೇರಿದ ಕಲಬುರಗಿಯ ತರುಣನು, ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿದ್ದೂ ಬಸ್ಸಿನ ದರಕ್ಕಂಜಿ, ಇಲ್ಲಿಗೆ ವರ್ಗಾಯಿಸೋಣವೆಂದರೆ ಬಾಡಿಗೆ ಕೋಣೆಯ ವಿಳಾಸಕ್ಕೆ ಪುರಾವೆ ಸಾಲದೆ, ಮತದಾನದ ದಿನ ಸುಮ್ಮನುಳಿದರೆ, ಅದನ್ನು ಔದಾಸೀನ್ಯವೆಂದು ಜರೆಯುವುದು ನನಗೆ ನ್ಯಾಯವಾಗಿ ತೋರದು. ರಜೆ ಸಿಕ್ಕಿತೆಂದು ಮಡಿಕೇರಿಗೆ ವಿಹಾರ ಹೊರಡುವವರ ಮಾತು ಬೇರೆ. ಈಗಂತೂ ಪಟ್ಟಿಗೆ ಸೇರಲು ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್‌ಗಳ ಪ್ರಥಮ ದಿನಗಳೆಂಬ ನಾಲ್ಕು ಅರ್ಹತಾ ದಿನಾಂಕಗಳಿವೆ; 17 ತುಂಬಿದವರೂ ಮುಂಗಡವಾಗಿ ಅರ್ಜಿ ಸಲ್ಲಿಸಬಹುದು. ಆದುದರಿಂದ ಮೈಸೂರಿನ ಅಳಿಸಲಾಗದ ಶಾಯಿ ಹಚ್ಚಿದ ಬೆರಳಿನ ಚಿತ್ರಗಳನ್ನು ಬೀದಿಬೀದಿಯಲ್ಲಿ ತೂಗುಹಾಕುವುದಕ್ಕಿಂತ, ಕಾಲೇಜಿನ ಪ್ರವೇಶಪತ್ರದೊಡನೆಯೇ ಹೊಸಬರಿಂದ ನಮೂನೆ 6ನ್ನೂ ಸ್ಥಳ ಬದಲಿಸಿದವರಿಂದ ನಮೂನೆ 8ನ್ನೂ ತುಂಬಿಸಿಕೊಳ್ಳುವುದು ಮೇಲು. ವಿದ್ಯಾರ್ಥಿನಿಲಯದ ವಾಸಕ್ಕೆ ದೃಢೀಕರಣ ಪತ್ರವನ್ನು ಪ್ರಾಂಶುಪಾಲರೇ ಬರೆದುಕೊಡಲಿ.