‘ಉಪಯೋಗಗಳು’ ಎಂಬ ಕೊನೆಯ ಐದು ನಿಮಿಷ

ಪೂರ್ಣ ಆಂತರಿಕ ಪ್ರತಿಫಲನದ ಪಾಠವನ್ನು ನಾವು ಪ್ರಶಿಕ್ಷಣಾರ್ಥಿಗಳು ಮುಗಿಸುವ ರೀತಿ ಬಹುತೇಕ ಒಂದೇ. ಬಾಟಲಿಯ ತೂತಿನಿಂದ ಬೀಳುವ ನೀರಿನ ಧಾರೆಯೊಳಗೆ ಲೇಸರ್ ಬೆಳಕು ಬಾಗಿ ಸಾಗುವುದನ್ನು ತೋರಿಸುತ್ತೇವೆ. ಕೊನೆಗೆ ಕಪ್ಪುಹಲಗೆಯ ಮೇಲೆ ‘ಉಪಯೋಗಗಳು: ಎಂಡೋಸ್ಕೋಪ್, ದೂರಸಂಪರ್ಕ’ ಎಂದು ಬರೆದು, ಪಾಠ ಯೋಜನೆಯ ‘ಅನ್ವಯ’ ಕಾಲಂ ತುಂಬಿತು ಎಂದುಕೊಳ್ಳುತ್ತೇವೆ. ನನ್ನ ಪ್ರಕಾರ ಅದು ಅನ್ವಯವಲ್ಲ, ಬರೀ ಮಾಹಿತಿ.

‘ದೂರಸಂಪರ್ಕ’ ಎಂಬ ಒಂದು ಪದದ ಬದಲು ಲಕ್ಷದ್ವೀಪವನ್ನೇ ತರಗತಿಗೆ ತರಬಹುದು. ಅದು ನಮಗೆ ಹೊರಗಿನದೇನಲ್ಲ. ಅಮಿನಿ, ಕಡಮತ್ ಮೊದಲಾದ ದ್ವೀಪಗಳು 1787ರಲ್ಲಿ ಟಿಪ್ಪುವಿನ ಆಳ್ವಿಕೆಗೆ ಸೇರಿದ್ದವು. ಮುಂದೆ 1956ರವರೆಗೂ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು. (ಸಮಾಜ ವಿಜ್ಞಾನದ ಗೆಳೆಯರು ಗಮನಿಸಲಿ.)

ಈ ದ್ವೀಪಗಳ ಇಂಟರ್ನೆಟ್ ಉಪಗ್ರಹವನ್ನೇ ನೆಚ್ಚಿಕೊಂಡಿತ್ತು. ಇಡೀ ಲಕ್ಷದ್ವೀಪಕ್ಕೆ ಸಿಗುತ್ತಿದ್ದದ್ದು ಸೆಕೆಂಡಿಗೆ 1.7 ಗಿಗಾಬಿಟ್. 2011ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ 64,473. ಎಲ್ಲರೂ ಒಟ್ಟಿಗೆ ಬಳಸಿದರೆ ಒಬ್ಬರ ಪಾಲಿಗೆ ಎಷ್ಟು? ಮಕ್ಕಳೇ ಭಾಗಿಸಲಿ: ಸುಮಾರು 26 ಕಿಲೋಬಿಟ್. ಒಂದು ವಿಡಿಯೊ ಪಾಠಕ್ಕೂ ಸಾಲದು. ಕೊಚ್ಚಿಯಿಂದ ಕವರತ್ತಿ ಸೇರಿ 11 ದ್ವೀಪಗಳಿಗೆ ಹಾಸಿದ ಸಮುದ್ರದಡಿಯ ಆಪ್ಟಿಕಲ್ ಫೈಬರ್ ಕೇಬಲ್ 2024ರ ಜನವರಿಯಲ್ಲಿ ಉದ್ಘಾಟನೆಯಾದಾಗ ಆ 1.7 ಎಂಬುದು 200 ಗಿಗಾಬಿಟ್ ಆಯಿತು.

ಎರಡನೇ ಲೆಕ್ಕ ಇನ್ನೂ ಸೊಗಸು. ಭೂಸ್ಥಿರ ಉಪಗ್ರಹ ಇರುವುದು ಸುಮಾರು 36,000 ಕಿ.ಮೀ. ಎತ್ತರದಲ್ಲಿ, ಸಂಕೇತ ಮೇಲೆ ಹೋಗಿ ಕೆಳಗೆ ಬರಲು 0.24 ಸೆಕೆಂಡು. ಗಾಜಿನ ವಕ್ರೀಭವನ ಸೂಚ್ಯಂಕ ಸುಮಾರು 1.5, ಆದ್ದರಿಂದ ಫೈಬರಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ 2 ಲಕ್ಷ ಕಿ.ಮೀ.ಗೆ ಇಳಿಯುತ್ತದೆ. ಆದರೂ ಕೊಚ್ಚಿಯಿಂದ ಕವರತ್ತಿಗೆ 400 ಕಿ.ಮೀ. ಎಂದಿಟ್ಟುಕೊಂಡರೆ 0.002 ಸೆಕೆಂಡು ಸಾಕು. ನಿಧಾನವಾಗಿ ಹೋಗುವ ಬೆಳಕೇ ಮೊದಲು ತಲುಪುತ್ತದೆ! ಇಲ್ಲಿ ಒಂದು ಎಚ್ಚರ ಬೇಕು: ಬಸ್ಸು ಬೇಗ ಬರುವುದು ಬೇರೆ, ಬಸ್ಸಿನಲ್ಲಿ ಎಷ್ಟು ಜನ ಹಿಡಿಯುತ್ತಾರೆ ಎನ್ನುವುದು ಬೇರೆ. ಈ ಎರಡು ಲೆಕ್ಕಗಳನ್ನು ಬೆರೆಸಬಾರದು.

ನಲವತ್ತು ನಿಮಿಷದಲ್ಲಿ ಇದಕ್ಕೆಲ್ಲ ಸಮಯ ಎಲ್ಲಿ ಎಂದು ವಿಧಾನ ಅಧ್ಯಾಪಕರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಎಂಡೋಸ್ಕೋಪಿನ ಚಾರ್ಟ್ ಬಿಟ್ಟುಬಿಡೋಣ; ಅದನ್ನು ಬರೆಯುವಷ್ಟು ಹೊತ್ತು ಮಕ್ಕಳಿಗೆ ನೋಡುವುದರಲ್ಲಿಲ್ಲ. ಮೌಲ್ಯಮಾಪನದ ನಮೂನೆಯಲ್ಲೂ ‘ಉಪಯೋಗಗಳನ್ನು ಹೇಳಿದರು’ ಎಂಬುದಕ್ಕಲ್ಲ, ಮಕ್ಕಳು ಬಿಡಿಸಿದ ಒಂದು ಲೆಕ್ಕಕ್ಕೆ ಅಂಕ ಸಿಗಲಿ.

ಮನೆಗೆಲಸಕ್ಕೆ ಟೊಂಗಾ ದೇಶದ ಸಂಗತಿ ಕೊಡಬಹುದು. 2022ರ ಜನವರಿಯಲ್ಲಿ ಜ್ವಾಲಾಮುಖಿ ಸಿಡಿದು, ಆ ದೇಶವನ್ನು ಹೊರಜಗತ್ತಿಗೆ ಜೋಡಿಸುವ ಕೇಬಲ್ ತುಂಡಾಯಿತು. ರಿಪೇರಿಗೆ ಐದು ವಾರ ಹಿಡಿಯಿತು. ಕೇಬಲ್ ಬಂದ ಮೇಲೆ ಲಕ್ಷದ್ವೀಪಕ್ಕೆ ಉಪಗ್ರಹ ಬೇಕೇ, ಬೇಡವೇ?