ಬಾಗದ ಬೆನ್ನು, ಬಿಂದಿಗೆಯ ನೀರು

ಕಳೆದ ತಿಂಗಳು ಮಧುಗಿರಿಯಲ್ಲಿ ಹಳೆಯ ವಿದ್ಯಾರ್ಥಿಗಳು ಏರ್ಪಡಿಸಿದ್ದ ಗುರುವಂದನಾ ಸಮಾರಂಭದಲ್ಲಿ ನಿಮ್ಮಲ್ಲಿ ಅನೇಕರು ನನ್ನ ಕಾಲಿಗೆರಗಿದಿರಿ. ಎರಗಿದವರ ಭುಜ ಹಿಡಿದು ಮೇಲೆತ್ತುವುದು ನಮ್ಮ ಹಿರಿಯರು ಪಾಲಿಸಿಕೊಂಡು ಬಂದ ಸೌಜನ್ಯ. ನಾನು ಮಾತ್ರ ಕಂಬದಂತೆ ನಿಂತೇ ಇದ್ದೆ. ಹಿಂದಿನಿಂದ ಯಾರೋ "ಸಾರ್" ಎಂದು ಕೂಗಿದಾಗ ಕುತ್ತಿಗೆ ತಿರುಗಿಸದೆ ಇಡೀ ದೇಹವನ್ನೇ ಹೊರಳಿಸಿ ನೋಡಿದೆ. ಊಟದ ಪಂಕ್ತಿಯಲ್ಲಿ ಎಲ್ಲರೂ ಚಾಪೆಯ ಮೇಲೆ ಕುಳಿತರೆ ನಾನೊಬ್ಬ ಕುರ್ಚಿ ಕೇಳಿದೆ. ಮೇಷ್ಟ್ರಿಗೆ ಪಿಂಚಣಿ ಬಂದ ಮೇಲೆ ಬಿಂಕವೂ ಬಂದಿದೆ ಎಂದು ಒಬ್ಬರು ಅಂದದ್ದು ನನ್ನ ಕಿವಿಗೂ ಬಿತ್ತು. ನನ್ನ ಬಂಧುಗಳಂತೂ "ಇವರಿಗೆ ಬಾಗುವುದು ನಾಲಿಗೆಯೊಂದೇ" ಎಂದು ಬಹಳ ಹಿಂದೆಯೇ ತೀರ್ಪು ಕೊಟ್ಟಾಗಿದೆ. ಆ ಮಾತಿನಲ್ಲಿ ಸತ್ಯಾಂಶವಿಲ್ಲವೆಂದು ನಾನು ಹೇಳಲಾರೆ! ಆದರೆ ಬಿಂಕದ ಆರೋಪಕ್ಕೆ ಉತ್ತರ ಕೊಡಲೇಬೇಕು. ಏಕೆಂದರೆ ಅದು ನನ್ನೊಬ್ಬನ ಬೆನ್ನಿಗೆ ಸಂಬಂಧಿಸಿದ ವಿಚಾರವಲ್ಲ.

ನನಗೆ ಬೆನ್ನುನೋವು ಆರಂಭವಾದಾಗ ವಯಸ್ಸು ನಲವತ್ತಾರು. ಆಗ ಪಾವಗಡ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿದ್ದೆ. ಬೆಳಿಗ್ಗೆ ಎದ್ದಾಗ ಸೊಂಟಕ್ಕೆ ಹಲಗೆ ಕಟ್ಟಿದಂತಾಗುತ್ತಿತ್ತು. ಬಿಸಿನೀರು ಸುರಿದುಕೊಂಡು ಹತ್ತು ಹೆಜ್ಜೆ ಹಾಕಿದ ಮೇಲೆ ಅಷ್ಟಿಷ್ಟು ಸಡಿಲಗೊಳ್ಳುತ್ತಿತ್ತು. ವೈದ್ಯರೊಬ್ಬರು ನೋವಿನ ಮಾತ್ರೆ ಬರೆದುಕೊಟ್ಟರು. ಮೊದಲ ವಾರ ಹಿತವಾಯಿತು, ಎರಡನೆಯ ತಿಂಗಳಿಗೆ ಆ ಹಿತ ಅರ್ಧ ದಿನಕ್ಕಿಳಿಯಿತು, ವರ್ಷ ತುಂಬುವಷ್ಟರಲ್ಲಿ ಮಾತ್ರೆ ನುಂಗಿದರೂ ಒಂದೇ, ಬಿಟ್ಟರೂ ಒಂದೇ ಎಂಬಂತಾಯಿತು. ಆದರೂ ಬಿಡಲಿಲ್ಲ. ಡೈಕ್ಲೋಫೆನ್ಯಾಕ್ ಹೆಸರು ಹೇಳಿದರೆ ಸಾಕು, ಚೀಟಿ ಇಲ್ಲದೆಯೇ ಅಂಗಡಿಯವರು ಕೊಡುತ್ತಿದ್ದರು. ಹೀಗೆ ಆರೇಳು ವರ್ಷ ನುಂಗಿದ ಫಲವಾಗಿ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತಸ್ರಾವವಾಯಿತು. ಬೆನ್ನುನೋವು ಇದ್ದ ಹಾಗೆಯೇ ಇತ್ತು.

ತುಮಕೂರಿನಲ್ಲಿ ಹುಣ್ಣಿಗೆ ಚಿಕಿತ್ಸೆ ನೀಡಿದ ತರುಣ ವೈದ್ಯರು ನನ್ನ ಬೆನ್ನಿನ ಜೊತೆಗೆ ಮುಂಗೈಯ ಎಕ್ಸ್‌ರೇಯನ್ನೂ ತೆಗೆಸಿದರು. ಬೆನ್ನುನೋವಿಗೆ ಮುಂಗೈಯ ಚಿತ್ರವೇಕೆ ಎಂದು ನಾನು ನಕ್ಕೆ. ಚಿತ್ರವನ್ನು ಬೆಳಕಿಗೆ ಹಿಡಿದ ಅವರು, ಮುಂಗೈಯ ಎರಡು ಮೂಳೆಗಳ ನಡುವಿನ ಪೊರೆ ಸುಣ್ಣಗಟ್ಟಿರುವುದನ್ನು ತೋರಿಸಿ ಒಂದೇ ಪ್ರಶ್ನೆ ಕೇಳಿದರು: "ಮೇಷ್ಟ್ರೇ, ಕಳೆದ ಇಪ್ಪತ್ತೈದು ವರ್ಷ ತಾವು ಯಾವ ನೀರು ಕುಡಿದಿರಿ?"

ಅಲ್ಲಿಯವರೆಗೆ ನಾನು ನಾಲ್ಕು ಜನ ವೈದ್ಯರನ್ನೂ ಒಬ್ಬ ನಾಟಿ ಪಂಡಿತರನ್ನೂ ಕಂಡಿದ್ದೆ. ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಅವರನ್ನು ದೂಷಿಸುವುದೇಕೆ? ವಿಜ್ಞಾನದ ಅಧ್ಯಾಪಕನಾದ ನಾನೇ ಕೇಳಿಕೊಂಡಿರಲಿಲ್ಲ. ಹ್ಯಾಲೊಜನ್ ಗುಂಪಿನ ಮೊದಲ ಧಾತು ಫ್ಲೋರಿನ್, ಅತ್ಯಂತ ಕ್ರಿಯಾಶೀಲವಾದದ್ದು ಎಂದು ಮೂವತ್ತೈದು ವರ್ಷ ಕಪ್ಪುಹಲಗೆಯ ಮೇಲೆ ಬರೆದವನು ನಾನು. ನಿಮಗೆಲ್ಲ ಅದನ್ನು ಉರುಹೊಡೆಸಿದ್ದೇನೆ. ಆ ಧಾತು ಹಲಗೆಯಿಂದ ಹತ್ತು ಹೆಜ್ಜೆ ದೂರದಲ್ಲಿದ್ದ ಶಾಲೆಯ ಕುಡಿಯುವ ನೀರಿನ ತೊಟ್ಟಿಯಲ್ಲೂ ಇದೆಯೆಂಬುದು ಹೊಳೆಯಲೇ ಇಲ್ಲ.

ವಿಷಯ ಹೀಗಿದೆ. ನಮ್ಮ ಸೀಮೆಯ ಕಗ್ಗಲ್ಲಿನಲ್ಲಿ ಫ್ಲೋರೈಡ್ ಇರುವ ಖನಿಜಗಳಿವೆ. ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಅದನ್ನು ಕರಗಿಸಿಕೊಳ್ಳುತ್ತದೆ. ಕೆರೆಯ ನೀರಿನಲ್ಲಿ, ಮೇಲುಸ್ತರದ ಬಾವಿಯ ನೀರಿನಲ್ಲಿ ಇದು ಸಾಮಾನ್ಯವಾಗಿ ಕಡಿಮೆ. ಆಳಕ್ಕೆ ಕೊರೆದಷ್ಟೂ ಹೆಚ್ಚುವ ಸಂಭವವುಂಟು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯೂ ನಮ್ಮ ಭಾರತೀಯ ಮಾನಕವೂ ಹೇಳುತ್ತವೆ. 3ರಿಂದ 6 ಮಿಲಿಗ್ರಾಂ ಇರುವ ನೀರನ್ನು ವರ್ಷಗಟ್ಟಲೆ ಕುಡಿದವರ ಮೂಳೆಗೆ ಕೇಡು ತಟ್ಟಬಹುದು. ಮೂಳೆ ದಪ್ಪವಾಗುತ್ತದೆ, ಆದರೆ ಬಲವಾಗುವುದಿಲ್ಲ. ಬೆನ್ನುಹುರಿಯ ಸುತ್ತಲಿನ ಕಟ್ಟುನಾರುಗಳು ಸುಣ್ಣಗಟ್ಟಿ ಬೆನ್ನು ಬಿದಿರಿನ ಗಳುವಿನಂತಾಗುತ್ತದೆ. ಕೆಲವರಲ್ಲಿ ನರಗಳೂ ಅದುಮಿ ಕಾಲುಗಳು ಸೋಲುತ್ತವೆ. ಇದೇ ಮೂಳೆಯ ಫ್ಲೋರೋಸಿಸ್.

ನಮ್ಮ ದೇಶದಲ್ಲಿ ಈ ರೋಗವನ್ನು ವೈದ್ಯರು ಮೊದಲು ಗುರುತಿಸಿ ವರದಿ ಮಾಡಿದ್ದು 1937ರಲ್ಲಿ, ಅಂದಿನ ಮದರಾಸು ಪ್ರಾಂತ್ಯದ ನೆಲ್ಲೂರು ಸೀಮೆಯಲ್ಲಿ. ನಮ್ಮ ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿಗಳ ಮೂಲಕ ಹರಿಯುವ ಜಯಮಂಗಲಿ ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಆ ಪಿನಾಕಿನಿ ಪಾವಗಡದ ನಾಗಲಮಡಿಕೆಯನ್ನು ಹಾದು ಕೊನೆಗೆ ಸಮುದ್ರ ಸೇರುವುದು ನೆಲ್ಲೂರು ಜಿಲ್ಲೆಯಲ್ಲೇ. ಹೊಳೆಯ ಕೆಳಗಿನ ತುದಿಯಲ್ಲಿ ನಾನು ಹುಟ್ಟುವ ಮೊದಲೇ ತಿಳಿದಿದ್ದ ಸಂಗತಿ ಮೇಲಿನ ತುದಿಯ ಒಬ್ಬ ಬಿ.ಎಡ್. ಪದವೀಧರನಿಗೆ ತಿಳಿಯಲು ಅವನ ಹೊಟ್ಟೆಯಲ್ಲಿ ಹುಣ್ಣೇ ಆಗಬೇಕಾಯಿತು!

ನನಗೆ ಅನುಮಾನ ಬರದಿದ್ದುದಕ್ಕೆ ಇನ್ನೊಂದು ಕಾರಣ ನನ್ನ ಹಲ್ಲುಗಳು. ನಾನು ಬೆಳೆದದ್ದು ಮಧುಗಿರಿಯ ಕಡೆಯ ಒಂದು ಹಳ್ಳಿಯಲ್ಲಿ, ಕೆರೆಯಂಗಳದ ತೆರೆದ ಬಾವಿಯ ನೀರು ಕುಡಿದು. ಹಲ್ಲಿಗೆ ಫ್ಲೋರೈಡಿನ ಕಲೆ ಹತ್ತುವುದು ಅದು ದವಡೆಯೊಳಗೆ ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲಿ ಮಾತ್ರ. ಹಾಗಾಗಿ ನನ್ನ ಹಲ್ಲು ಬೆಳ್ಳಗೇ ಉಳಿದವು. ಅದು ಬೇವಿನಕಡ್ಡಿಯ ಮಹಿಮೆ, ನನ್ನ ಶಿಸ್ತಿನ ಫಲ ಎಂದು ನಾನು ಭಾವಿಸಿದ್ದೆ. ಸೇವೆಗೆ ಸೇರಿದ್ದು 1983ರಲ್ಲಿ. ಕೊಳವೆಬಾವಿಗಳು ಊರೂರಿಗೂ ಬಂದ ಕಾಲವದು. ತೆರೆದ ಬಾವಿಗಳು ಬತ್ತಿದವು, ಕೈಪಂಪು ಬಂತು, ಆಮೇಲೆ ಕಿರುನೀರು ತೊಟ್ಟಿ ಬಂತು. ಕಾಲರಾ, ನಾರುಹುಣ್ಣುಗಳಿಂದ ಆ ನೀರು ನಮ್ಮನ್ನು ಕಾಪಾಡಿದ್ದೂ ನಿಜ, ಅದನ್ನು ಮರೆಯಬಾರದು. ಮಧುಗಿರಿ ಶೈಕ್ಷಣಿಕ ಜಿಲ್ಲೆಯ ನಾಲ್ಕೂ ತಾಲ್ಲೂಕುಗಳಲ್ಲಿ ನಾನು ಕೆಲಸ ಮಾಡಿದೆ, ನಾಲ್ಕರ ನೀರನ್ನೂ ಕುಡಿದೆ.

ಇಲ್ಲಿ ಒಂದು ತಪ್ಪೊಪ್ಪಿಗೆ ಇದೆ. ಪ್ರಾರ್ಥನೆಯ ನಂತರ ಸಾಲಾಗಿ ನಿಲ್ಲಿಸಿ ಉಗುರು, ಹಲ್ಲು ಪರೀಕ್ಷಿಸುವ ಪದ್ಧತಿ ನಮ್ಮಲ್ಲಿತ್ತಷ್ಟೆ. ಹಳದಿ, ಕಂದು ಗೆರೆಗಳಿದ್ದ ಹಲ್ಲಿನ ಮಕ್ಕಳನ್ನು ನಾನು ಮುಂದೆ ಕರೆದು "ಹಲ್ಲುಜ್ಜಿ ಬಾ" ಎಂದು ಮನೆಗೆ ಅಟ್ಟಿದ್ದೇನೆ. ಇದ್ದಿಲು, ಉಪ್ಪು, ಕೊನೆಗೆ ಇಟ್ಟಿಗೆಯ ಪುಡಿಯಿಂದ ಉಜ್ಜಿಕೊಂಡು ವಸಡಿನಲ್ಲಿ ರಕ್ತ ಬರಿಸಿಕೊಂಡು ಬಂದವರಿದ್ದರು. ಆ ಕಲೆ ಹಲ್ಲಿನ ಮೇಲಿನದಲ್ಲ, ಹಲ್ಲಿನೊಳಗಿನದು, ಉಜ್ಜಿದರೆ ಹೋಗುವುದಲ್ಲ. ನಗುವಾಗ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದ ಹೆಣ್ಣುಮಕ್ಕಳನ್ನು ನಾನು ನಾಚಿಕೆಯ ಸ್ವಭಾವದವರೆಂದು ತಿಳಿದಿದ್ದೆ. ಪೋಷಕರ ಸಭೆಗೆ ಬಂದ ತಾಯಂದಿರು, ಹಿಂದಿನಿಂದ ಕರೆದರೆ ಕುತ್ತಿಗೆ ತಿರುಗಿಸದೆ ಮೈಯೆಲ್ಲ ಹೊರಳಿಸಿ ನೋಡುತ್ತಿದ್ದರು. ಅದನ್ನು ಹಳ್ಳಿಯ ಬಿಗುಮಾನವೆಂದುಕೊಂಡೆ. ಈಗ ಅದೇ ಬಿಗುಮಾನದ ಆಪಾದನೆ ನನ್ನ ಮೇಲೆ ಬಂದಿದೆ, ನ್ಯಾಯವಾಗಿಯೇ.

ಫ್ಲೋರೋಸಿಸ್ ಅನುಮಾನಕ್ಕೆ ವೈದ್ಯರು ಹಳ್ಳಿಯಲ್ಲೇ ಮಾಡಿಸುವ ಮೂರು ಸರಳ ಪರೀಕ್ಷೆಗಳಿವೆ. ಮೊಣಕಾಲು ಮಡಿಸದೆ ಬಾಗಿ ಕಾಲ್ಬೆರಳು ಮುಟ್ಟುವುದು, ಗಲ್ಲವನ್ನು ಎದೆಗೆ ತಾಗಿಸುವುದು, ತೋಳು ಚಾಚಿ ಮಡಿಸಿ ಕೈಯನ್ನು ತಲೆಯ ಹಿಂಭಾಗಕ್ಕೆ ಒಯ್ಯುವುದು. ಇವು ನಮ್ಮ ಶಾಲೆಯ ಡ್ರಿಲ್‌ನ ವ್ಯಾಯಾಮಗಳೇ ಅಲ್ಲವೇ? ಬಾಗಲಾರದ ಹುಡುಗರನ್ನು ಸೋಮಾರಿಗಳೆಂದು ಬಸ್ಕಿ ಹೊಡೆಸಿದ್ದೂ ನೆನಪಿದೆ. ಅವರೆಲ್ಲರ ತೊಂದರೆ ಇದೇ ಆಗಿತ್ತೆಂದು ಹೇಳಲಾರೆ. ಆದರೆ ಒಮ್ಮೆಯಾದರೂ ಕೇಳಬಹುದಿತ್ತು.

ನನ್ನ ಅಭಿಪ್ರಾಯವನ್ನು ಖಂಡಿತವಾಗಿ ಹೇಳುತ್ತೇನೆ. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಮಾತ್ರೆಗೆ ಬಗ್ಗದ ಬೆನ್ನುನೋವು ಬಂದರೆ, ಎರಡನೆಯ ಮಾತ್ರೆಯ ಚೀಟಿಗೆ ಮೊದಲು ನೀರಿನ ಪರೀಕ್ಷೆಯಾಗಬೇಕು. "ವಯಸ್ಸಾಯಿತು, ಗೇಯ್ಮೆ ಮಾಡಿದ ಮೈ, ಸಹಿಸಿಕೋ" ಎಂಬ ಮಾತನ್ನು ನಾವು ಬಿಡಬೇಕು. ಸಹನೆ ದೊಡ್ಡ ಗುಣವೇ ಸರಿ, ಆದರೆ ದಿನವೂ ಬಿಂದಿಗೆಯಲ್ಲಿ ಹೊತ್ತು ತರುತ್ತಿರುವ ನೋವನ್ನು ಸಹಿಸಿಕೊಳ್ಳುವುದರಲ್ಲಿ ಯಾವ ಪುರುಷಾರ್ಥವೂ ಇಲ್ಲ. ನೋವಿನ ಮಾತ್ರೆಯ ಮೇಲೆ ನನ್ನ ಕೋಪಕ್ಕೆ ಬೇರೊಂದು ಕಾರಣವೂ ಇದೆ. ದೇಹಕ್ಕೆ ಸೇರಿದ ಫ್ಲೋರೈಡನ್ನು ಹೊರಹಾಕುವ ಮುಖ್ಯ ದಾರಿ ಮೂತ್ರಪಿಂಡ. ನಮ್ಮ ಜನ ವರ್ಷಗಟ್ಟಲೆ ನುಂಗುವ ಈ ಮಾತ್ರೆಗಳು ಕೆಡಿಸಬಹುದಾದ ಅಂಗಗಳಲ್ಲೊಂದು ಅದೇ ಮೂತ್ರಪಿಂಡ. ವೈದ್ಯರ ಮೇಲ್ವಿಚಾರಣೆಯಲ್ಲಿ ನಾಲ್ಕು ದಿನ ನುಂಗುವುದಕ್ಕೆ ನನ್ನ ಆಕ್ಷೇಪವಿಲ್ಲ. ಉಪ್ಪಿನಕಾಯಿಯಂತೆ ದಿನವೂ ನೆಂಚಿಕೊಳ್ಳುವುದಕ್ಕೆ ಇದೆ.

ಸರ್ಕಾರ ಏನೂ ಮಾಡಿಲ್ಲವೆಂದಲ್ಲ. ಫ್ಲೋರೋಸಿಸ್ ತಡೆಗೆ ಕೇಂದ್ರ ಸರ್ಕಾರದ ರಾಷ್ಟ್ರೀಯ ಕಾರ್ಯಕ್ರಮ 2008-09ರಲ್ಲಿ ಆರಂಭವಾಯಿತು. ಹಳ್ಳಿಗಳಿಗೆ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದವು. ತುಂಗಭದ್ರಾ ಹಿನ್ನೀರಿನಿಂದ ಪಾವಗಡಕ್ಕೆ ನೀರು ತರುವ ಯೋಜನೆ 2025ರ ಜುಲೈನಲ್ಲಿ ಉದ್ಘಾಟನೆಯಾಯಿತು. ಮೂರು ಕಡೆ ಆಂಧ್ರದಿಂದ ಸುತ್ತುವರಿದು, ಎಲ್ಲ ನಾಯಕರ ಭಾಷಣದಲ್ಲೂ ಬರಗಾಲದ ಉದಾಹರಣೆಯಾಗಿ ಸವೆದ ಆ ತಾಲ್ಲೂಕಿಗೆ ಹೊಳೆಯ ನೀರು ಬಂದದ್ದು ಸಣ್ಣ ಮಾತಲ್ಲ. ಆದರೆ ಕೊಳಾಯಿಯಲ್ಲಿ ಬರುತ್ತಿರುವುದು ಹೊಳೆಯ ನೀರೋ ಕೊಳವೆಬಾವಿಯದೋ ಎಂಬುದನ್ನು ಪ್ರತಿ ಮನೆಯವರೂ ವಿಚಾರಿಸಿಕೊಳ್ಳಬೇಕು. ಘಟಕ ಕೆಟ್ಟು ನಿಂತ ತಿಂಗಳುಗಳಲ್ಲಿ ಜನ ಏನು ಕುಡಿಯುತ್ತಾರೆಂದು ಗ್ರಾಮಸಭೆಯಲ್ಲಿ ಕೇಳಬೇಕು. ಮತ್ತೂ ಒಂದು ಮಾತು, ಇದನ್ನು ಗೃಹಿಣಿಯರು ದಯವಿಟ್ಟು ಗಮನಿಸಬೇಕು. ಕುಡಿಯಲು ಕ್ಯಾನಿನ ನೀರು, ಅಡುಗೆಗೆ ಕೊಳವೆಬಾವಿಯ ನೀರು ಎಂಬ ಪದ್ಧತಿ ಬಹಳ ಮನೆಗಳಲ್ಲಿದೆ. ಮುದ್ದೆ, ಸಾರು, ಅನ್ನ ಎಷ್ಟು ನೀರು ಹೀರುತ್ತವೆಂದು ನಿಮಗೆ ನಾನು ಹೇಳಬೇಕೇ? ಕುದಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ; ನೀರು ಆವಿಯಾದಷ್ಟೂ ಅದು ಸಾಂದ್ರವಾಗುತ್ತದೆ.

ಆ ತರುಣ ವೈದ್ಯರು ನನಗೆ ಸುಳ್ಳು ಭರವಸೆ ಕೊಡಲಿಲ್ಲ. "ಕಟ್ಟಿದ ಸುಣ್ಣ ಕರಗುವ ಔಷಧವಿಲ್ಲ, ಇನ್ನು ಕೂಡದಂತೆ ನೋಡಿಕೊಳ್ಳೋಣ" ಎಂದರು. ನೀರು ಬದಲಾಯಿಸಿದೆ. ಹಾಲು, ಸೊಪ್ಪು, ನೆಲ್ಲಿಕಾಯಿ ಹೆಚ್ಚಿಸಿದೆ. ಚಹಾದಲ್ಲೂ ಫ್ಲೋರೈಡ್ ಇರುತ್ತದೆಂದು ತಿಳಿದು ನಾಲ್ಕು ಲೋಟವನ್ನು ಒಂದಕ್ಕಿಳಿಸಿದೆ. ಇವುಗಳಲ್ಲಿ ಇದೇ ಅತ್ಯಂತ ಕಷ್ಟವಾದದ್ದು. ಹಾಸಿಗೆಯಿಂದ ನೇರವಾಗಿ ಏಳದೆ ಮಗ್ಗುಲಿಗೆ ಹೊರಳಿ ಕೈಯೂರಿ ಏಳುತ್ತೇನೆ. ಬೆಳಗಿನ ಅರ್ಧ ಗಂಟೆ ನಡಿಗೆಯನ್ನು ಮಳೆ ಬಂದರೂ ತಪ್ಪಿಸುವುದಿಲ್ಲ. ನೋವು ಹೋಗಿಲ್ಲ. ಈ ಸಾಲುಗಳನ್ನು ಬರೆಯುವಾಗಲೂ ಮೂರು ಸಲ ಎದ್ದು ಓಡಾಡಿದ್ದೇನೆ. ಆದರೆ ಹೆಚ್ಚುತ್ತಲೂ ಇಲ್ಲ, ನನ್ನ ಲೆಕ್ಕದಲ್ಲಿ ಅದು ಗೆಲುವೇ.

ಬೆಂಗಳೂರಿನ ಕಚೇರಿಗಳಲ್ಲಿ ಕುಳಿತು ಬೆನ್ನು ನೋಯಿಸಿಕೊಂಡಿರುವ ನನ್ನ ವಿದ್ಯಾರ್ಥಿಗಳು ಇದನ್ನೋದಿ ತಮಗೂ ಫ್ಲೋರೋಸಿಸ್ ಬಂತೆಂದು ಗಾಬರಿಯಾಗಬೇಡಿ. ನಿಮ್ಮದು ಬಹುಮಟ್ಟಿಗೆ ಸಾಮಾನ್ಯ ಸೊಂಟನೋವು. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಅದಕ್ಕೆಂದೇ ಮೊದಲ ಮಾರ್ಗಸೂಚಿ ಹೊರಡಿಸಿತು. ದೀರ್ಘಕಾಲದ ಸೊಂಟನೋವಿಗೆ ವ್ಯಾಯಾಮ ಮತ್ತು ತಿಳಿವಳಿಕೆಗೆ ಅದು ಒತ್ತು ಕೊಟ್ಟಿದೆ. ಅಫೀಮಿನ ವರ್ಗದ ನೋವುನಿವಾರಕಗಳು ಬೇಡವೆಂದಿದೆ. ಮಲಗಿಯೇ ಇರುವುದೂ ಮದ್ದಲ್ಲ. ಆದರೆ ಕಾಲು ಮರಗಟ್ಟಿದರೆ, ಮೂತ್ರದ ಮೇಲೆ ಹಿಡಿತ ತಪ್ಪಿದರೆ ಅಂದೇ ಆಸ್ಪತ್ರೆಗೆ ಹೋಗಿ.

ಗುರುವಂದನೆಯ ದಿನ ಎಲ್ಲರೂ ಹೊರಟ ಮೇಲೆ ಒಬ್ಬ ಉಳಿದುಕೊಂಡಿದ್ದ. ಶಿರಾ ತಾಲ್ಲೂಕಿನವನು, ಈಗ ಎರಡು ಮಕ್ಕಳ ತಂದೆ. ಹಲ್ಲುಜ್ಜಿ ಬಾ ಎಂದು ನಾನು ಅಟ್ಟಿದವರಲ್ಲಿ ಅವನೂ ಒಬ್ಬನೆಂದು ಅವನೇ ನಗುತ್ತ ನೆನಪಿಸಿದ, ಬಾಯಿಗೆ ಕೈ ಅಡ್ಡ ಹಿಡಿದು. ನಾನು ಕ್ಷಮೆ ಕೇಳಿದೆ. ಅವನಿಗೆ ಮುಜುಗರವಾಯಿತು. ತಾಯಿಗೆ ಬೆನ್ನುನೋವು, ಎಂಟು ವರ್ಷದಿಂದ ಸೂಜಿ ಹಾಕಿಸುತ್ತಿದ್ದೇವೆ ಎಂದ. ಯಾವ ನೀರು ಎಂದು ಕೇಳಿದೆ. ಮುಂದಿನ ಭಾನುವಾರವೇ ತೋಟದ ಕೊಳವೆಬಾವಿಯ ನೀರನ್ನು ಒಂದು ಲೀಟರಿನ ಪ್ಲಾಸ್ಟಿಕ್ ಸೀಸೆಯಲ್ಲಿ ತುಂಬಿಸಿ ತಂದುಕೊಟ್ಟ. ಫ್ಲೋರೈಡ್ ಪರೀಕ್ಷೆಗೆ ಗಾಜಿನ ಸೀಸೆ ಸಲ್ಲದೆಂದು ನಾನು ಹೇಳಿದ್ದು ನೆನಪಿಟ್ಟುಕೊಂಡಿದ್ದಾನೆ. ತರಗತಿಯಲ್ಲಿ ಇಷ್ಟು ಗಮನವಿಟ್ಟು ಕೇಳಿದವನಲ್ಲ. ಸೀಸೆಗೆ ಊರು, ದಿನಾಂಕ, ಬಾವಿಯ ಆಳ ಬರೆದ ಚೀಟಿ ಅಂಟಿಸಿದ್ದೇನೆ. ಸೋಮವಾರ ಬೆಳಗಿನ ಬಸ್ಸಿಗೆ ಅದನ್ನು ತುಮಕೂರಿನ ಪ್ರಯೋಗಾಲಯಕ್ಕೆ ಒಯ್ಯುತ್ತೇನೆ. ನಿಮ್ಮ ಮನೆಯದೂ ಇದ್ದರೆ ಭಾನುವಾರ ಸಂಜೆಯೊಳಗೆ ತಲುಪಿಸಿ. ಎರಡು ಸೀಸೆ ಹೊರಲು ನನ್ನ ಬೆನ್ನು ಒಪ್ಪುತ್ತದೆ, ಹೆಚ್ಚಾದರೆ ಯಾರಾದರೊಬ್ಬರು ಜೊತೆಗೆ ಬನ್ನಿ.