ಸೀಟಿನ ಸ್ಪರ್ಧೆಯೇ ಸಾಕೆ?

ಅಮೆರಿಕದ ಏಳಿಗೆಗೆ ಸ್ಪರ್ಧೆಯೇ ಕಾರಣವೆಂಬ ಮಾತು ಬಸವನಗುಡಿ, ಮಲ್ಲೇಶ್ವರಂ, ಚಾಮರಾಜಪೇಟೆಯ ಮಧ್ಯಮ ವರ್ಗಕ್ಕೆ ಹೊಸದೇನಲ್ಲ. ಇಲ್ಲಿನ ಎಷ್ಟೋ ಮನೆಗಳ ಮಕ್ಕಳು ಎಂಜಿನಿಯರಿಂಗ್ ಪದವಿ ಪಡೆದು ಆ ದೇಶದಲ್ಲಿ ನೆಲೆ ಕಂಡಿದ್ದಾರೆ. ಪೈಪೋಟಿಗೆ ಇಳಿದವನಿಗೇ ಗೆಲುವು ಎಂಬ ನಂಬಿಕೆ ಇದರಿಂದ ಬಲಗೊಂಡಿದೆ. ಆದರೆ ಈ ಪೈಪೋಟಿ ಯಾರ ಯಾರ ನಡುವೆ ನಡೆಯಬೇಕು ಎಂದು ಕೇಳುವವರು ವಿರಳ.

ಅಮೆರಿಕದ ಚರಿತ್ರೆಯಲ್ಲಿ ಇದಕ್ಕೆ ಉತ್ತರವಿದೆ. 1957ರಲ್ಲಿ ಕ್ಯಾಲಿಫೋರ್ನಿಯಾದ ಎಂಟು ಮಂದಿ ತಂತ್ರಜ್ಞರು ನೊಬೆಲ್ ಪುರಸ್ಕೃತ ವಿಲಿಯಂ ಶಾಕ್ಲಿ ಅವರ ಸಂಸ್ಥೆಯನ್ನು ತೊರೆದು ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಕಟ್ಟಿದರು. ಅವರಲ್ಲಿ ಇಬ್ಬರಾದ ರಾಬರ್ಟ್ ನಾಯ್ಸ್ ಮತ್ತು ಗಾರ್ಡನ್ ಮೂರ್ 1968ರಲ್ಲಿ ಅದನ್ನೂ ಬಿಟ್ಟು ಇಂಟೆಲ್ ಸ್ಥಾಪಿಸಿದರು. ಕೆಲಸ ಬಿಟ್ಟವನು ಪ್ರತಿಸ್ಪರ್ಧಿ ಸಂಸ್ಥೆಯನ್ನು ಸೇರಬಾರದೆಂಬ ಕರಾರಿಗೆ ಆ ರಾಜ್ಯದ ಕಾನೂನು ಮಾನ್ಯತೆ ನೀಡುವುದಿಲ್ಲ. ಹೀಗಾಗಿ ಪ್ರತಿಭಾವಂತರನ್ನು ಉಳಿಸಿಕೊಳ್ಳಲು ಸಂಸ್ಥೆಗಳೇ ಪೈಪೋಟಿ ನಡೆಸಬೇಕಾಯಿತು. ಹೊಸ ಶೋಧಗಳಿಗೆ ಇದೇ ಇಂಬಾಯಿತು.

ಇಂತಹ ಸ್ಪರ್ಧೆ ಹಳೆಯ ಬೆಂಗಳೂರಿಗೂ ಅಪರಿಚಿತವಲ್ಲ. ಗಾಂಧಿಬಜಾರಿನ ವಿದ್ಯಾರ್ಥಿ ಭವನ 1943ರಿಂದ ಗಿರಾಕಿಗಳನ್ನು ಸೆಳೆಯುತ್ತಿದೆ. ಮಲ್ಲೇಶ್ವರಂನ ಸಿಟಿಆರ್ ದೋಸೆಗೆ ಅದರದೇ ಅಭಿಮಾನಿ ಬಳಗವಿದೆ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಆರಂಭವಾದ ಬಳಿಕ, ಕಡಿಮೆ ದರಕ್ಕೆ ಕೊಂಡು ನಿಂತು ತಿನ್ನುವ ಪದ್ಧತಿ ಊರೆಲ್ಲ ಹಬ್ಬಿತು. ರುಚಿ ಕೆಟ್ಟರೆ ಗಿರಾಕಿ ರಸ್ತೆ ದಾಟಿ ಮತ್ತೊಂದು ಹೋಟೆಲಿಗೆ ಹೋಗಬಲ್ಲ. ಇಲ್ಲಿ ಪೈಪೋಟಿ ಹೋಟೆಲುಗಳದು, ಲಾಭ ಗಿರಾಕಿಯದು.

ಅದೇ ಮಲ್ಲೇಶ್ವರಂನ 18ನೇ ಅಡ್ಡರಸ್ತೆಯಲ್ಲಿರುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಬಾಗಿಲಲ್ಲಿ ಮಾತ್ರ ಈ ಲೆಕ್ಕ ತಲೆಕೆಳಗಾಗುತ್ತದೆ. ವೃತ್ತಿಶಿಕ್ಷಣದಲ್ಲಿ ಡೊನೇಷನ್ ಹಾವಳಿ ಮಿತಿಮೀರಿದ್ದ ಕಾಲದಲ್ಲಿ, 1992 ಮತ್ತು 1993ರಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪುಗಳ ಹಿನ್ನೆಲೆಯಲ್ಲಿ, 1994ರಲ್ಲಿ ಸಿಇಟಿ ಜಾರಿಗೆ ಬಂತು. ಹಣದ ಥೈಲಿಯ ಸ್ಥಾನದಲ್ಲಿ ರ‍್ಯಾಂಕ್ ಬಂದು ಕೂತಿತು. ಹಳ್ಳಿಯ ಬಡ ವಿದ್ಯಾರ್ಥಿಗೂ ಪ್ರತಿಷ್ಠಿತ ಕಾಲೇಜಿನ ಬಾಗಿಲು ತೆರೆಯಿತು. ಈ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು.

ಆದರೆ ಇಲ್ಲಿ ಓಡಬೇಕಾದವರು ವಿದ್ಯಾರ್ಥಿಗಳು ಮಾತ್ರ. ರ‍್ಯಾಂಕ್ ಪಟ್ಟಿ ಅವರನ್ನು ಸಾಲಾಗಿ ನಿಲ್ಲಿಸುತ್ತದೆಯೇ ಹೊರತು ಕಾಲೇಜನ್ನು ಸುಧಾರಿಸುವುದಿಲ್ಲ. ಒಮ್ಮೆ ಸೇರಿದ ವಿದ್ಯಾರ್ಥಿಗೆ ಹೋಟೆಲಿನ ಗಿರಾಕಿಯಂತೆ ಎದ್ದು ಹೋಗುವುದೂ ಸುಲಭವಲ್ಲ. ಬೇಡಿಕೆಯ ಸೀಟು ತಾನೇ ತಾನಾಗಿ ಸರಕಾಗುತ್ತದೆ. 2024ರ ಸೀಟ್ ಬ್ಲಾಕಿಂಗ್ ಪ್ರಕರಣ ಇದರತ್ತ ಬೆರಳು ಮಾಡಿತು. ಸೇರುವ ಇರಾದೆಯೇ ಇಲ್ಲದವರ ಹೆಸರಿನಲ್ಲಿ ಎಂಜಿನಿಯರಿಂಗ್ ಸೀಟುಗಳನ್ನು ಹಿಡಿದಿಟ್ಟು, ಕೊನೆಗೆ ಅವು ಆಡಳಿತ ಮಂಡಳಿಗಳ ಪಾಲಾಗುವಂತೆ ಮಾಡಲಾಯಿತು ಎಂಬುದು ಆರೋಪ. ಮಲ್ಲೇಶ್ವರಂ ಪೊಲೀಸರು ಪ್ರಕರಣ ದಾಖಲಿಸಿ ಹಲವರನ್ನು ಬಂಧಿಸಿದರು. ಹಿಂಬಾಗಿಲಿನಿಂದ ಥೈಲಿ ಮರಳಿತೇ ಎಂಬ ಸಂಶಯ ಸಹಜವಾಗಿಯೇ ಎದ್ದಿತು.

ಇಷ್ಟು ದಿನ ಈ ಕೊರತೆಯನ್ನು ಅಮೆರಿಕದ ವಿಮಾನ ಮರೆಸುತ್ತಿತ್ತು. ಇಲ್ಲಿ ಕಲಿಸದಿದ್ದುದನ್ನು ಅಲ್ಲಿನ ವಿಶ್ವವಿದ್ಯಾಲಯ ಕಲಿಸುತ್ತಿತ್ತು, ಅಲ್ಲಿನ ಕಂಪನಿ ಬೆಳೆಸುತ್ತಿತ್ತು. ಆದರೆ ಎಚ್-1ಬಿ ವೀಸಾಗಳಿಗೆ ವಾರ್ಷಿಕ ಮಿತಿಯುಂಟು. ಅದು ಸಾಲದೆಂಬಂತೆ, 2025ರ ಸೆಪ್ಟೆಂಬರ್‌ನಲ್ಲಿ ಹೊಸ ಅರ್ಜಿಗಳಿಗೆ 1 ಲಕ್ಷ ಡಾಲರ್ ಶುಲ್ಕವನ್ನು ಘೋಷಿಸಲಾಯಿತು. ಮುಕ್ತ ಸ್ಪರ್ಧೆಯ ಪಾಠ ಹೇಳಿದ ದೇಶವೇ ತನ್ನ ಬಾಗಿಲಿಗೆ ಬೆಲೆ ಕಟ್ಟಿತು.

ಆದ್ದರಿಂದ ಇನ್ನು ಪರೀಕ್ಷೆಗೆ ಕೂರಬೇಕಾದವು ಕಾಲೇಜುಗಳು. ಬೋಧಕರ ಅರ್ಹತೆ, ಪ್ರಯೋಗಾಲಯಗಳ ಸ್ಥಿತಿ, ಕಲಿತು ಹೊರಬಂದವರ ಉದ್ಯೋಗದ ನಿಜವಾದ ವಿವರ ಇವೆಲ್ಲ ಸೀಟು ಆರಿಸುವ ಮುನ್ನವೇ ವಿದ್ಯಾರ್ಥಿಯ ಕೈಗೆ ಸಿಗಬೇಕು. ಉಳಿದ ಸೀಟುಗಳು ರ‍್ಯಾಂಕಿನ ಮೇಲೆಯೇ ಹಂಚಿಕೆಯಾಗಬೇಕು. ಕಾಲೇಜು ಬದಲಿಸುವ ದಾರಿ ಸುಗಮವಾಗಬೇಕು. ದೋಸೆಗೆ ಸಲ್ಲುವ ನ್ಯಾಯ ವಿದ್ಯೆಗೆ ಸಲ್ಲದೆ ಹೋದರೆ, ಹದಿನೆಂಟರ ಹರೆಯದವರ ಓಟಕ್ಕೆ ರ‍್ಯಾಂಕಿನ ಹೊರತು ಬೇರೆ ಫಲ ಸಿಗಲಾರದು.